ಪಕ್ಕದ ಮನೆಯ ಮೋರಿಸ್ ಮೈನರ್: ಕೊಳ್ಳಬೇಕಾ, ನೋಡಿ ಖುಷಿಪಟ್ಟರೆ ಸಾಕಾ?

ಪ್ರಶ್ನೆ: ಸರ್, ನಾನು ತಿಪಟೂರಿನ ಕಡೆಯವನು. ಒಂಬತ್ತು ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜನ ಹತ್ತಿರ 1959ರ ಮೋರಿಸ್ ಮೈನರ್ ಕಾರಿದೆ. ಭಾನುವಾರ ಬಂತೆಂದರೆ ಅದರ ಕೆಳಗೇ ಮಲಗಿರುತ್ತಾರೆ. ಹೋದ ಬೇಸಿಗೆಯಲ್ಲಿ ನನ್ನನ್ನೂ ಹಳೇ ಕಾರುಗಳ ಜಾತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಎಂಬತ್ತು ದಾಟಿದವರು ಕಾರಿನ ಬಾಗಿಲು ಸವರುತ್ತಾ ಕಣ್ಣೊರೆಸಿಕೊಳ್ಳುವುದನ್ನು ಅಲ್ಲಿ ನೋಡಿದೆ. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದರೆ, 'ಅಯ್ಯೋ, ಇದು ನಮ್ಮೂರ ಡಾಕ್ಟರ ಬೇಬಿ ಹಿಂದೂಸ್ತಾನ್ ಅಲ್ವೇನೋ' ಅಂದರು. ಅವರು ಇಪ್ಪತ್ತು ವರ್ಷ ಅಂಬಾಸಿಡರ್ ಓಡಿಸಿದವರು. ಈಗ ಇಲ್ಲೇ ಹತ್ತಿರದಲ್ಲಿ 1966ರ ಮೈನರ್ ಟ್ರಾವೆಲರ್ ಒಂದು ಮಾರಾಟಕ್ಕಿದೆ, ಹಿಂಭಾಗಕ್ಕೆ ಮರದ ಚೌಕಟ್ಟು ಇರುವಂಥದ್ದು. ಈ ಕಾರುಗಳು ನಿಜಕ್ಕೂ ಅಷ್ಟು ಚೆನ್ನಾಗಿದ್ದವಾ? ಇಲ್ಲಿಯವರಿಗೆ ಇವುಗಳ ಮೇಲೆ ಇಷ್ಟು ಹುಚ್ಚು ಯಾಕೆ? ನಾನು ಕೊಳ್ಳಬಹುದಾ? ಮುಂದಿನ ಜೂನ್‌ನಲ್ಲಿ ಅಪ್ಪ ಬರುತ್ತಾರೆ. ಅವರ ಕೈಗೆ ಒಂದು ಸಲ ಸ್ಟೀರಿಂಗ್ ಕೊಡಬೇಕು ಅಂತ ಆಸೆ.

ಉತ್ತರ: ಮೊದಲ ಪ್ರಶ್ನೆಗೆ ನಾನು ಕೊಡುವ ಉತ್ತರ ಕೇಳಿದರೆ ನಿಮ್ಮ ಪಕ್ಕದ ಮನೆಯ ಅಜ್ಜ ಸ್ಪ್ಯಾನರ್ ತೆಗೆದುಕೊಂಡು ಎಸೆಯಬಹುದು. ಇವತ್ತಿನ ಕಣ್ಣಲ್ಲಿ ನೋಡಿದರೆ ಇಲ್ಲ, ಅಷ್ಟೇನೂ ಚೆನ್ನಾಗಿರಲಿಲ್ಲ. ಅವರ ಕಾರಿನಲ್ಲಿರುವುದು 948 ಸಿಸಿ ಎಂಜಿನ್, 37 ಹಾರ್ಸ್ ಪವರ್. ನಿಂತಲ್ಲಿಂದ ಹೊರಟು ಗಂಟೆಗೆ 60 ಮೈಲಿ ವೇಗ ಮುಟ್ಟಬೇಕಾದರೆ ಅರ್ಧ ನಿಮಿಷ ಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅದೂ ಬರೀ ಕಾಲಿನ ಬಲದ ಮೇಲೆ. ಫಸ್ಟ್ ಗೇರ್‌ಗೆ ಸಿಂಕ್ರೋಮೆಶ್ (ಗೇರಿನ ಹಲ್ಲುಗಳ ವೇಗ ಹೊಂದಿಸುವ ಏರ್ಪಾಡು) ಇಲ್ಲ, ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಕರಕರ ಅನ್ನುತ್ತದೆ. ಹೀಟರ್ ಬೇಕೆಂದರೆ ಬೇರೆ ದುಡ್ಡು. ಇಂಗ್ಲೆಂಡಿನ ಜನವರಿಯಲ್ಲಿ!

ಇಷ್ಟೇ ಆಗಿದ್ದರೆ ಇದು ಗುಜರಿಗೆ ಹೋಗಿ ಐವತ್ತು ವರ್ಷ ಆಗಿರುತ್ತಿತ್ತು. ಹಾಗಾಗಲಿಲ್ಲ, ಅದಕ್ಕೆ ಕಾರಣ ಇದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಮೂವತ್ತು ವರ್ಷ ಶೆಡ್ ನಡೆಸಿದವನು ನಾನು. ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಅಪರೂಪಕ್ಕೊಂದು ಆಸ್ಟಿನ್ ನನ್ನ ಕೈಯಲ್ಲಿ ಬಿಚ್ಚಿಸಿಕೊಂಡಿವೆ. ನಡುವೆ ನಾಲ್ಕು ವರ್ಷ ಕಾವೆಂಟ್ರಿ ಹತ್ತಿರ ಹಳೇ ಕಾರು ಸರಿಮಾಡುವ ಗ್ಯಾರೇಜ್‌ನಲ್ಲಿದ್ದೆ. ದೇವಸ್ಥಾನಕ್ಕೆ ಹೇಳುವ ಹಾಗೆ ಆ ಕೆಲಸಕ್ಕೂ ಜೀರ್ಣೋದ್ಧಾರ ಅಂತಲೇ ಅನ್ನಬೇಕು. ಹಾಗಾಗಿ ಈ ಕಾರುಗಳ ಬಗ್ಗೆ ನನಗೆ ಪ್ರೀತಿಯೂ ಇದೆ, ಬೆನ್ನುನೋವೂ ಇದೆ.

ಮೈನರ್ ಹುಟ್ಟಿದ ಕಾಲ ನೋಡಿ. 1948ರ ಅಕ್ಟೋಬರ್, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಮೇಳ. ಯುದ್ಧ ಮುಗಿದು ಮೂರೇ ವರ್ಷ. ಪೆಟ್ರೋಲ್ ಇನ್ನೂ ರೇಷನ್‌ನಲ್ಲಿ, 1950ರವರೆಗೂ ಹಾಗೇ ಇತ್ತು. ಊಟದ ಸಾಮಾನಿನ ರೇಷನ್ ಪೂರ್ತಿ ಮುಗಿದಿದ್ದು 1954ರಲ್ಲಿ. ಯುದ್ಧದ ಸಾಲ ತೀರಿಸಲು ಡಾಲರ್ ಬೇಕು. ಹೊರದೇಶಕ್ಕೆ ಮಾರುವ ಕಾರ್ಖಾನೆಗೆ ಉಕ್ಕು ಕೊಡುತ್ತೇವೆ ಅಂತ ಸರ್ಕಾರ ಕೂತಿತ್ತು. ಹೀಗಾಗಿ 1950ರಲ್ಲಿ ಜಗತ್ತಿಗೇ ಅತಿ ಹೆಚ್ಚು ಕಾರು ರಫ್ತು ಮಾಡುವ ದೇಶ ಬ್ರಿಟನ್. ತಮಾಷೆ ಏನಪ್ಪಾ ಅಂದರೆ, ಸ್ವಂತ ಜನ ಮಾತ್ರ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಇದು ನಮಗೂ ಗೊತ್ತಿರುವ ಕಥೆಯೇ. ನಿಮ್ಮ ಅಪ್ಪನ ಕಾಲದಲ್ಲಿ ಇಲ್ಲೂ ಕಾರಿಗೂ ಸ್ಕೂಟರ್‌ಗೂ ಹೆಸರು ಬರೆಸಿ ಕಾಯುತ್ತಿದ್ದೆವು. ಕಾದು ಕಾದು ಬಂದ ವಸ್ತುವಿನ ಮೇಲೆ ಬರುವ ಮಮತೆಯೇ ಬೇರೆ.

ಮೈನರ್ ರೂಪಿಸಿದವನು ಅಲೆಕ್ ಇಸಿಗೋನಿಸ್. ಈಗಿನ ಟರ್ಕಿಯ ಇಜ್ಮಿರ್‌ನಲ್ಲಿ 1906ರಲ್ಲಿ ಹುಟ್ಟಿದವನು. ಸಣ್ಣ ಕಾರು ಅಂದರೆ ದೊಡ್ಡ ಕಾರನ್ನು ಕುಗ್ಗಿಸಿ ಮಾಡಿದ ಬಡಪಾಯಿ ಗಾಡಿ ಆಗಬಾರದು ಅನ್ನುವುದು ಅವನ ಹಟ. ಅದಕ್ಕೇ ಮೈನರ್‌ಗೆ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಕೊಟ್ಟ, ಹಲ್ಲಿನ ಚಕ್ರವೊಂದು ಹಲ್ಲಿನ ಪಟ್ಟಿಯನ್ನು ನೇರ ಸರಿಸುವ ಏರ್ಪಾಡು. ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ ಸಸ್ಪೆನ್ಷನ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಕಂಬಿ. ಬೇರೆ ಚಾಸಿಸ್ ಇಲ್ಲದೆ ಬಾಡಿಯೇ ಭಾರ ಹೊರುವ ಕಟ್ಟು. ಕಂಪನಿಯ ಯಜಮಾನ ಲಾರ್ಡ್ ನಫೀಲ್ಡ್‌ಗೆ ಇದು ಸೇರಲಿಲ್ಲ. ನೀರಲ್ಲಿ ಒಡೆದು ಬೇಯಿಸಿದ ಮೊಟ್ಟೆ ಥರ ಇದೆ ಅಂತ ಮೂದಲಿಸಿದ.

ಇನ್ನೇನು ಕಾರು ತಯಾರಾಗಬೇಕು, ಆಗ ಇಸಿಗೋನಿಸ್‌ಗೆ ಒಂದು ಅನುಮಾನ. ಅಗಲ ಕಮ್ಮಿ ಆಯ್ತಲ್ವಾ? ಮಾದರಿ ಕಾರನ್ನು ಉದ್ದಕ್ಕೂ ಎರಡು ಸೀಳು ಮಾಡಿಸಿದ. ಎರಡು ಹೋಳನ್ನೂ ಬೇಕಾದಷ್ಟು ದೂರ ಸರಿಸಿ ನೋಡಿದ. 4 ಅಂಗುಲಕ್ಕೆ ಕಣ್ಣಿಗೆ ಸರಿಯಾಯಿತು. ಅಷ್ಟು ಅಗಲ ಸೇರಿಸಿಬಿಟ್ಟರು. ಆದರೆ ಬಂಪರ್‌ಗಳು ಆಗಲೇ ತಯಾರಾಗಿದ್ದವು. ಅವನ್ನು ನಡುವೆ ಕತ್ತರಿಸಿ, ಒಂದು ತುಂಡು ಪಟ್ಟಿ ಹಾಕಿ ಜೋಡಿಸಿದರು. ಮೊದಮೊದಲ ಮೈನರ್‌ಗಳ ಬಂಪರ್‌ನಲ್ಲಿ ಆ ತೇಪೆ ಕಾಣುತ್ತದೆ. ಬಾನೆಟ್ ನಡುವಿನ ಚಪ್ಪಟೆ ಪಟ್ಟಿಯೂ ಅದರದ್ದೇ ಗುರುತು. ನಾಳೆ ಬೆಳಗ್ಗೆ ಅಜ್ಜನ ಕಾರಿನ ಬಾನೆಟ್ ಮೇಲೆ ಕೈಯಾಡಿಸಿ ನೋಡಿ, ಆ ಪಟ್ಟಿ ಸಿಗುತ್ತದೆ. ಯಾರೋ ಒಬ್ಬ ಮನುಷ್ಯ ಇದನ್ನು ಕಣ್ಣಳತೆಯಲ್ಲಿ ಮಾಡಿದ ಅಂತ ಸಾರಿ ಹೇಳುವ ಕಾರು ಇದು. ಈಗಿನ ಕಾರುಗಳಲ್ಲಿ ಅಂಥ ಗುರುತು ಹುಡುಕಿದರೂ ಸಿಗುವುದಿಲ್ಲ.

ಓಡಿಸಿದರೆ ಇನ್ನೊಂದು ಗೊತ್ತಾಗುತ್ತದೆ. ಎಂಜಿನ್ ಮುದುಕ, ಸ್ಟೀರಿಂಗ್ ಹುಡುಗ. ತಿರುವಿನಲ್ಲಿ ಕೈ ಹೇಳಿದ ಕಡೆಗೆ ಮುಖ ತಿರುಗಿಸುತ್ತದೆ. 1948ರಲ್ಲಿ ಸಾಮಾನ್ಯ ಜನರ ಕಾರಿಗೆ ಈ ಗುಣ ಇರಲಿಲ್ಲ. ಅದಕ್ಕೇ ದಾದಿಯರು, ಮೇಷ್ಟ್ರುಗಳು, ಪೊಲೀಸರು ಎಲ್ಲರೂ ಇದನ್ನೇ ಕೊಂಡರು. ಅಂಚೆ ಇಲಾಖೆಯ ಮೊದಲ ಮೈನರ್ ವ್ಯಾನ್‌ಗಳಿಗೆ ಮುಂದಿನ ಮಡ್‌ಗಾರ್ಡ್ ರಬ್ಬರಿನದು! ಗಲ್ಲಿಯಲ್ಲಿ ಉಜ್ಜಿದರೂ ತಗ್ಗು ಬೀಳದಿರಲಿ ಅಂತ. 1960ರ ಡಿಸೆಂಬರ್‌ಗೆ ಹತ್ತು ಲಕ್ಷ ಮೈನರ್ ತಯಾರಾಗಿತ್ತು. ಯಾವ ಬ್ರಿಟಿಷ್ ಕಾರೂ ಅಲ್ಲಿವರೆಗೆ ಆ ಸಂಖ್ಯೆ ಮುಟ್ಟಿರಲಿಲ್ಲ. ಅದರ ನೆನಪಿಗೆ ತಿಳಿ ನೇರಳೆ ಬಣ್ಣದ ಸುಮಾರು 350 ಕಾರು ಮಾಡಿ, 'ಮೈನರ್ 1000' ಎಂಬ ಹೆಸರಿನಲ್ಲಿದ್ದ 1000ದ ಜಾಗಕ್ಕೆ 1000000 ಅಂತ ಬರೆದರು. ನೇರಳೆ ಮೈನರ್ ನಾನು ಒಂದೇ ಒಂದು ನೋಡಿದ್ದೇನೆ. ಬಣ್ಣ ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು.

ನಿಮ್ಮ ಅಪ್ಪ ಗುರುತು ಹಿಡಿದಿದ್ದು ಸರಿಯಾಗಿಯೇ ಇದೆ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಇಲ್ಲಿ ಮೈನರನ್ನು ಬೇಬಿ ಹಿಂದೂಸ್ತಾನ್ ಅಂತ ಮಾರುತ್ತಿತ್ತು. ಅದರ ಅಣ್ಣ ಮೋರಿಸ್ ಆಕ್ಸ್‌ಫರ್ಡ್. ಆಕ್ಸ್‌ಫರ್ಡ್‌ನ ಎರಡನೇ ಸರಣಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೆಯದು ಅಂಬಾಸಿಡರ್. ಬ್ರಿಟನ್ನಿನಲ್ಲಿ ಆ ಆಕ್ಸ್‌ಫರ್ಡ್ 1959ಕ್ಕೇ ನಿಂತುಹೋಯಿತು. ಕೋಲ್ಕತ್ತಾ ಪಕ್ಕದ ಉತ್ತರಪಾಡಾದಲ್ಲಿ 2014ರ ಮೇ ತನಕ ಅದೇ ಮೈಕಟ್ಟಿನ ಕಾರು ಬರುತ್ತಲೇ ಇತ್ತು. ಹೆತ್ತ ಮನೆ ಮರೆತ ಮಗುವನ್ನು ಸಾಕಿದ ಮನೆ ಐವತ್ತು ವರ್ಷ ಜೋಪಾನ ಮಾಡಿದ ಹಾಗೆ.

ಈ ನೆಂಟಸ್ತಿಕೆ ನನಗೆ ಕಾವೆಂಟ್ರಿಯಲ್ಲಿ ಉಪಯೋಗಕ್ಕೆ ಬಂತು. ಮೊದಲ ದಿನ ಒಂದು ಎಂಜಿಬಿ ಸ್ಪೋರ್ಟ್ಸ್ ಕಾರು ಮುಂದಿಟ್ಟು, ಈ ಎಂಜಿನ್ ಮುಂಚೆ ನೋಡಿದ್ದೀಯಾ ಅಂತ ಕೇಳಿದರು. ಎಂಜಿಬಿ ಅಂದರೆ ಅಲ್ಲಿ ಸಿನಿಮಾ ಹೀರೋ ಇದ್ದ ಹಾಗೆ. ಬಾನೆಟ್ ಎತ್ತಿ ನೋಡಿದೆ. ಅಯ್ಯೋ, ಇದು ನಮ್ಮ ಅಂಬಿಯದ್ದೇ! ಎಂಜಿಬಿಯದು 1798 ಸಿಸಿ, ಅಂಬಾಸಿಡರ್‌ನದು 1489 ಸಿಸಿ, ಆದರೆ ಎರಡೂ ಬಿ-ಸೀರೀಸ್ ಎಂಬ ಒಂದೇ ಮನೆತನದ ಎಂಜಿನ್. ಟ್ಯಾಪೆಟ್ ಸರಿಮಾಡಲು ಕೈ ತಾನಾಗಿ ಹೋಯಿತು. ಮೆಜೆಸ್ಟಿಕ್‌ನಲ್ಲಿ ಟ್ಯಾಕ್ಸಿ ಓಡಿಸಿದ ಎಂಜಿನ್‌ನ ದಾಯಾದಿ ಅಲ್ಲಿ ಭಾನುವಾರದ ಶೋಕಿ ಗಾಡಿಯಲ್ಲಿ ಕೂತಿತ್ತು.

ಇನ್ನು ಹುಚ್ಚು ಯಾಕೆ ಅನ್ನುವುದು. ನೆನಪಿಗೆ ಸುಳ್ಳು ಹೇಳುವ ಚಾಳಿ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಜಾತ್ರೆಯಲ್ಲಿ ಕಣ್ಣೊರೆಸಿಕೊಂಡ ತಲೆಮಾರಿನವರೇ ಎಪ್ಪತ್ತರ ದಶಕದಲ್ಲಿ ಸಾಲಾಗಿ ಹೋಗಿ ಡಾಟ್ಸನ್ ಕೊಂಡವರು. ಜಪಾನಿನ ಆ ಕಾರುಗಳಲ್ಲಿ ಹೀಟರ್ ಇತ್ತು, ರೇಡಿಯೋ ಇತ್ತು, ಬೆಳಗ್ಗೆ ಎದ್ದು ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿದ್ದವು. ತಮ್ಮೂರಿನ ಕಾರನ್ನು ಅವರು ಬಿಟ್ಟುಕೊಟ್ಟಿದ್ದು ಸುಮ್ನೆ ಅಲ್ಲ.

ಅಷ್ಟರಲ್ಲಿ ಊರಿನ ಕಾರ್ಖಾನೆಗಳ ಸ್ಥಿತಿಯೂ ಕೆಟ್ಟಿತ್ತು. 1952ರಲ್ಲಿ ಆಸ್ಟಿನ್ ಮತ್ತು ಮೋರಿಸ್ ಒಂದಾದವು. 1968ರಲ್ಲಿ ಎಲ್ಲವನ್ನೂ ಸೇರಿಸಿ ಬ್ರಿಟಿಷ್ ಲೇಲ್ಯಾಂಡ್ ಅಂತ ಒಂದು ದೊಡ್ಡ ಅವಿಭಕ್ತ ಕುಟುಂಬ ಮಾಡಿದರು. ಅವಿಭಕ್ತ ಕುಟುಂಬದಲ್ಲಿ ಆಗುವುದೆಲ್ಲ ಅಲ್ಲೂ ಆಯಿತು. ಒಂದೇ ಕಾರಿಗೆ ನಾಲ್ಕಾರು ಹೆಸರು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳುವುದು, ಹೊಸ ಯಂತ್ರಕ್ಕೆ ದುಡ್ಡಿಲ್ಲ, ವಾರಕ್ಕೊಂದು ಮುಷ್ಕರ. 1975ರಲ್ಲಿ ಸರ್ಕಾರವೇ ಎತ್ತಿಕೊಂಡು ಸಾಕಬೇಕಾಯಿತು. ಎಂಜಿ ಕಾರುಗಳ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ನೀವಿರುವ ಊರಿನ ಕಾರು ಕಾರ್ಖಾನೆಯಾದ ಲಾಂಗ್‌ಬ್ರಿಡ್ಜ್‌ನಲ್ಲಿ 2005ರ ಏಪ್ರಿಲ್‌ನಲ್ಲಿ ಸುಮಾರು 6,000 ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಜಾಗ್ವಾರ್, ಲ್ಯಾಂಡ್ ರೋವರ್ 2008ರಿಂದ ನಮ್ಮ ಟಾಟಾ ಕೈಯಲ್ಲಿವೆ. ಎಂಜಿ ಹೆಸರು ಚೀನಾದವರದು, ಅದೇ ಹೆಸರಿನ ಕಾರು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತಿರುತ್ತದೆ. ಮಿನಿ ಎಂಬ ಪುಟ್ಟ ಕಾರು ಈಗ ಜರ್ಮನಿಯ ಬಿಎಂಡಬ್ಲ್ಯೂ ಮನೆಯದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಾವೆಂಟ್ರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರಿದ್ದರು. ಅವರು ಊರು ತೋರಿಸಲು ಕರೆದುಕೊಂಡು ಹೋದಾಗ, ಇಲ್ಲಿ ಟ್ರಯಂಫ್ ಇತ್ತು, ಅಲ್ಲಿ ಜಾಗ್ವಾರ್ ಇತ್ತು, ನಮ್ಮಪ್ಪ ಆ ಗೇಟಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಅಂತ ತೋರಿಸಿದರು. ಈಗ ಅಲ್ಲೆಲ್ಲ ಮನೆ, ಗೋದಾಮು, ಅಂಗಡಿ. ಎಚ್‌ಎಂಟಿ ವಾಚ್ ಕಟ್ಟಿಕೊಂಡು ಜಾಲಹಳ್ಳಿ ಕಡೆ ಹೋಗುವ ಹಳಬರ ಮುಖ ನೋಡಿದ್ದೀರಾ? ಅದೇ ಮುಖ. ಹಾಗಾಗಿ ಆ ಜಾತ್ರೆಯಲ್ಲಿ ಅಳುತ್ತಿದ್ದವರು ಕಾರಿಗೆ ಮಾತ್ರ ಅಳುತ್ತಿರಲಿಲ್ಲ. ಊರಿನ ಕೈಗೆ ಕೆಲಸ ಇದ್ದ ಕಾಲ ಅದು. ಅಪ್ಪ ಕಟ್ಟಿದ ಕಾರನ್ನು ಮಗ ಬೀದಿಯಲ್ಲಿ ನೋಡಬಹುದಿತ್ತು.

ಇದಕ್ಕಿಂತಲೂ ದೊಡ್ಡದಾದ ಕಾರಣ ಬಾನೆಟ್ ಕೆಳಗೆ ಇದೆ. ನಿಮ್ಮ ಈಗಿನ ಕಾರಿನ ಬಾನೆಟ್ ಎತ್ತಿ ನೋಡಿ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಅಷ್ಟೇ. ಮುಟ್ಟಬೇಡ ಅಂತ ಹೇಳುವ ಮುಚ್ಚಳ ಅದು. ಈಗ ಅಜ್ಜನ ಮೈನರ್ ಬಾನೆಟ್ ಎತ್ತಿ. ಎಂಜಿನ್ ಸುತ್ತ ನೆಲ ಕಾಣುತ್ತದೆ! ಕಾರ್ಬುರೇಟರ್ ಅಲ್ಲಿ, ಡಿಸ್ಟ್ರಿಬ್ಯೂಟರ್ ಇಲ್ಲಿ, ಡೈನಮೋ ಪಕ್ಕದಲ್ಲಿ. ಪೆಟ್ರೋಲ್ ಎಲ್ಲಿಂದ ಬರುತ್ತದೆ, ಕಿಡಿ ಎಲ್ಲಿಂದ ಬರುತ್ತದೆ ಅಂತ ಹತ್ತು ವರ್ಷದ ಹುಡುಗನಿಗೂ ಬೆರಳಿಟ್ಟು ತೋರಿಸಬಹುದು. ಪ್ಲಗ್ ಬಿಚ್ಚಿ ಉಜ್ಜು. ಕಿಡಿಯ ಸಮಯ ನೋಡಿಕೊಳ್ಳುವ ಪಾಯಿಂಟ್‌ನ ಸಂದು ನೋಡು, ಕೆಟ್ಟಿದ್ದರೆ ಮರಳು ಕಾಗದ ಆಡಿಸು. ಬ್ಯಾಟರಿ ಇಳಿದಿದ್ದರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸು.

ಅಂದರೆ ಈ ಕಾರು ಕೆಡುತ್ತಿತ್ತು, ಆದರೆ ಕೆಟ್ಟಿದ್ದು ಏನು ಅಂತ ಹೇಳುತ್ತಿತ್ತು. ಮನೆಯವರ ಕೈಗೆ ರಿಪೇರಿಯಾಗುತ್ತಿತ್ತು. ಮಕ್ಕಳು ಟಾರ್ಚ್ ಹಿಡಿದು ನಿಲ್ಲುತ್ತಿದ್ದರು. ಅಪ್ಪನ ಕೈಯಿಂದ ಬೈಸಿಕೊಳ್ಳುತ್ತಿದ್ದರು. 'ಆ ಕಡೆ ಅಲ್ಲ, ಈ ಕಡೆ ಹಿಡಿ!' ಈಗ ಎಂಬತ್ತಾದವರು ಆ ಟಾರ್ಚ್ ಹಿಡಿದ ಹುಡುಗರು. ಚೆನ್ನಾಗಿ ಓಡಿದ ಕಾರಿಗಿಂತ ಆಗಾಗ ಕೈಕೊಟ್ಟು, ಮನೆಮಂದಿಯಿಂದ ಸೇವೆ ಮಾಡಿಸಿಕೊಂಡ ಕಾರಿನ ನೆನಪೇ ಜಾಸ್ತಿ ಉಳಿಯುತ್ತದೆ. ಇದು ನನ್ನ ಅಭಿಪ್ರಾಯ. ನಮ್ಮಲ್ಲೂ ಹಾಗೇ ಅಲ್ವಾ? ಅಂಬಾಸಿಡರ್ ಕಥೆ ಹೇಳಲು ಕೂತವರು ಚಾರ್ಮಾಡಿ ಘಾಟಿಯಲ್ಲಿ ರೇಡಿಯೇಟರ್ ಕುದಿದಿದ್ದನ್ನೇ ಹೇಳುತ್ತಾರೆ. ಸರಾಗವಾಗಿ ಧರ್ಮಸ್ಥಳ ಮುಟ್ಟಿದ ದಿನದ್ದು ಯಾರೂ ಹೇಳಲ್ಲ.

ಪ್ರೀತಿ ಇದ್ದರೆ ಸಾಲದು, ಸಾಮಾನು ಸಿಗಬೇಕು. ಬ್ರಿಟನ್ನಿನವರು ಗೆದ್ದಿದ್ದು ಅಲ್ಲಿ. ಕ್ಲಬ್ ಕಟ್ಟಿದರು, ಹಳೇ ಅಚ್ಚುಗಳನ್ನು ಕಾಪಾಡಿದರು. ವಿಟ್ನಿ ಎಂಬ ಊರಿನಲ್ಲಿ ಹಳೇ ಅಚ್ಚುಗಳಿಂದಲೇ ಎಂಜಿಬಿಯ ಪೂರ್ತಿ ಹೊಸ ಬಾಡಿ ತಯಾರಾಗುತ್ತದೆ. ಮೈನರ್‌ನ ಕೆಲವು ಬಾಡಿ ಭಾಗಗಳನ್ನು ಒಂದು ಕಾಲಕ್ಕೆ ಶ್ರೀಲಂಕಾದಲ್ಲಿ ಮಾಡಿಸಿ ಬ್ರಿಟನ್‌ಗೆ ತರಿಸಿಕೊಂಡಿದ್ದೂ ಉಂಟು. ನಿಮ್ಮ ಹತ್ತು ವರ್ಷ ಹಳೇ ಕಾರಿನ ಯಾವುದೋ ಎಲೆಕ್ಟ್ರಾನಿಕ್ ಡಬ್ಬಿ ಸಿಗದೆ ಹೋಗಬಹುದು, ಮೈನರ್‌ನ ಬಾಗಿಲ ರಬ್ಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ನಮ್ಮಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರ ಪಾಡು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಮದ್ರಾಸಿನಲ್ಲಿ ತಯಾರಾದ ಕಾರಿಗೆ ಇಂಗ್ಲೆಂಡಿನಿಂದ ಸಾಮಾನು ತರಿಸಿದವರನ್ನು ನಾನು ಬಲ್ಲೆ.

ಈಗ ಕೊಳ್ಳುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಟ್ರಾವೆಲರ್ ನೋಡಲು ಬಲು ಚೆಂದ. ಹಿಂಭಾಗಕ್ಕೆ ಆ್ಯಶ್ ಮರದ ಚೌಕಟ್ಟು, ನಡುವೆ ಅಲ್ಯೂಮಿನಿಯಂ ತಗಡು. ಆದರೆ ಆ ಮರ ಅಲಂಕಾರಕ್ಕಿಲ್ಲ. ನಮ್ಮ ತೊಟ್ಟಿಮನೆಯ ಕಂಬ ತೊಲೆ ಇದ್ದ ಹಾಗೆ, ಅದೇ ಭಾರ ಹೊರುವುದು. ಮರ ಕೊಳೆತರೆ ಕಾರು ಕೊಳೆತ ಹಾಗೆ. ವಾರ್ನಿಷ್ ಹೊಳಪು ನೋಡಿ ಮರುಳಾಗಬೇಡಿ. ಕೆಳಗಿನ ಅಡ್ಡಪಟ್ಟಿ, ಚಕ್ರದ ಮೇಲಿನ ಕಮಾನು, ಜಾರುವ ಕಿಟಕಿ ಕೂರುವ ಕಾಲುವೆ, ಈ ಮೂರು ಕಡೆ ನೀರು ನಿಲ್ಲುತ್ತದೆ. ಕೀಲು ಸೇರುವಲ್ಲಿ ಕಪ್ಪು ಕಲೆ ಇದ್ದರೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಮೆತ್ತಗಿದ್ದರೆ ಚಹಾ ಕುಡಿದು ವಾಪಸ್ ಬನ್ನಿ. ಮರ ಪೂರ್ತಿ ಬದಲಿಸುವುದು ಬಡಗಿ ಮತ್ತು ಮೆಕ್ಯಾನಿಕ್ ಇಬ್ಬರ ಕೆಲಸ, ಬಿಲ್ಲೂ ಇಬ್ಬರದೇ ಬರುತ್ತದೆ.

ಮರ ಚೆನ್ನಾಗಿದ್ದರೆ ಕಾರಿನ ಕೆಳಗೆ ಮಲಗಿ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಒಂದು ಟಾರ್ಚು, ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಬೇರೆ ಚಾಸಿಸ್ ಇಲ್ಲ ಅಂದೆನಲ್ಲ, ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ನಡುವಿನ ಅಡ್ಡತೊಲೆ, ಹಿಂದಿನ ಸ್ಪ್ರಿಂಗ್ ಕಚ್ಚಿರುವ ಜಾಗ ಇವೇ ಕಾರಿನ ಬೆನ್ನುಮೂಳೆ. ಅಯಸ್ಕಾಂತ ಅಂಟದಿದ್ದರೆ ಒಳಗೆ ಕಬ್ಬಿಣ ಇಲ್ಲ, ಪುಟ್ಟಿ ಇದೆ. ನಮ್ಮ ಗ್ಯಾರೇಜ್‌ಗೆ ಒಮ್ಮೆ ಥಳಥಳ ಹೊಳೆಯುವ ಮೈನರ್ ಬಂದಿತ್ತು. ಯಾರೋ ವ್ಯಾಪಾರಿ ಒಳ್ಳೇ ಬೆಲೆಗೆ ದಾಟಿಸಿದ್ದ. ಬಾಗಿಲ ಕೆಳಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಪುಟ್ಟಿ ಉದುರಿತು, ಹಿಂದೆಯೇ ಮಡಚಿಟ್ಟ ನ್ಯೂಸ್‌ಪೇಪರ್ ಬಂತು. ಕೊಂಡವರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲು ಆಗಲಿಲ್ಲ, ನಾನು ಪೇಪರಿನ ತಾರೀಖು ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡೆ.

ಮುಂದಿನ ಚಕ್ರದ ಹತ್ತಿರ ಟ್ರನಿಯನ್ ಅಂತ ಒಂದು ಭಾಗ ಇದೆ. ಚಕ್ರ ತಿರುಗುವ ಕಂಬದ ತುದಿ ಅದರೊಳಗೆ ನಟ್ಟಿನೊಳಗಿನ ಬೋಲ್ಟ್ ಹಾಗೆ ತಿರುಪಿಕೊಂಡಿರುತ್ತದೆ. ಗ್ರೀಸ್ ತಪ್ಪಿದರೆ ತಿರುಪಿನ ಗೆರೆ ಸವೆದು ಒಂದು ದಿನ ಕಳಚಿಕೊಳ್ಳುತ್ತದೆ, ಚಕ್ರ ಮಡಚಿ ಕೂರುತ್ತದೆ. ಸಾಮಾನ್ಯವಾಗಿ ಪಾರ್ಕಿಂಗ್ ಮಾಡುವಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಆಗುವುದು, ಅದೊಂದು ಪುಣ್ಯ. ಕೊಳ್ಳುವ ಮುಂಚೆ ಜಾಕ್ ಕೊಟ್ಟು ಚಕ್ರ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕೊಂಡ ಮೇಲೆ ಗ್ರೀಸ್ ಗನ್ ಮರೆಯಬೇಡಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲ ಕೆಳಗೆ, ನೆಲದ ಅಡಿಯಲ್ಲಿ. ಕಾರ್ಪೆಟ್ ಎತ್ತಿ ಎಣ್ಣೆ ನೋಡಬೇಕು. ಕಣ್ಣಿಗೆ ಬೀಳಲ್ಲ ಅಂತಲೇ ಬಹಳ ಜನ ಅದನ್ನು ವರ್ಷಗಟ್ಟಲೆ ನೋಡುವುದಿಲ್ಲ.

ಕರೆಂಟಿನ ವಿಷಯದಲ್ಲಿ ಒಂದು ಎಚ್ಚರ. ಮೈನರ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರುತ್ತದೆ. ನಾವು ಕಲಿತಿದ್ದಕ್ಕೆ ಉಲ್ಟಾ. ಕಾವೆಂಟ್ರಿಯ ಮೊದಲ ತಿಂಗಳಲ್ಲಿ ನಾನು ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಕೊಟ್ಟುಬಿಟ್ಟೆ. ಗಿರಾಕಿಯ ಅಪ್ಪ ಹಾಕಿಸಿದ್ದ ಹಳೇ ರೇಡಿಯೋದಿಂದ ಸಣ್ಣಗೆ ಹೊಗೆ ಬಂತು. ಆ ವಾಸನೆ ಇನ್ನೂ ಮರೆತಿಲ್ಲ. ಆ ಕಾಲದ ಕಾರುಗಳ ಲೈಟು ಆಗಾಗ ಕಣ್ಣುಮುಚ್ಚಾಲೆ ಆಡುತ್ತವೆ ಅಂತ, ಅವುಗಳ ಕರೆಂಟಿನ ಸಾಮಾನು ಮಾಡುತ್ತಿದ್ದ ಕಂಪನಿಯ ಮೂಲಪುರುಷ, ನಿಮ್ಮೂರಿನವನೇ ಆದ ಜೋಸೆಫ್ ಲೂಕಾಸ್‌ನನ್ನು ಕತ್ತಲೆಯ ರಾಜಕುಮಾರ ಅಂತ ಅಲ್ಲಿಯವರು ತಮಾಷೆ ಮಾಡುತ್ತಾರೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ದೋಷ ಇರುವುದು ತುಕ್ಕು ಹಿಡಿದ ಅರ್ಥ್ ತಂತಿಯಲ್ಲಿ. ಉಜ್ಜಿ ಬಿಗಿ ಮಾಡಿದರೆ ರಾಜಕುಮಾರ ಎದ್ದು ಹೋಗುತ್ತಾನೆ.

ಪೆಟ್ರೋಲ್ ಬಂಕಿನಲ್ಲಿ ಮಾಮೂಲಿ ಇ10, ಅಂದರೆ ಎಥನಾಲ್ ಜಾಸ್ತಿ ಬೆರೆಸಿದ ಪೆಟ್ರೋಲ್, ಹಾಕಿಸಬೇಡಿ. ಎಥನಾಲ್ ಹಳೇ ರಬ್ಬರ್ ಪೈಪ್ ತಿನ್ನುತ್ತದೆ. ಸೂಪರ್ ಅಂತ ಬರುವ, ಎಥನಾಲ್ ಕಮ್ಮಿ ಇರುವ ಇ5 ಹಾಕಿಸಿ. ಸೀಸ ಇದ್ದ ಪೆಟ್ರೋಲ್ 2000ದಿಂದಲೇ ನಿಂತಿದೆ, ಸೀಸ ಇಲ್ಲದಿದ್ದರೆ ವಾಲ್ವ್ ಕೂರುವ ಜಾಗ ಬೇಗ ಸವೆಯುತ್ತದೆ. ಹಾಗಾಗಿ ಎಂಜಿನ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಅಂತ ಮಾರುವವರನ್ನು ಕೇಳಿ.

ಕಾಗದಪತ್ರದ ಕಡೆ ನೀವು ಅದೃಷ್ಟವಂತರು. 40 ವರ್ಷ ದಾಟಿದ ಕಾರನ್ನು ಐತಿಹಾಸಿಕ ವರ್ಗಕ್ಕೆ ಸೇರಿಸಿದರೆ ರಸ್ತೆ ತೆರಿಗೆ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಸ್ವಚ್ಛ ಗಾಳಿ ವಲಯದ ಶುಲ್ಕವೂ ಇಲ್ಲ. ತುಂಬಾ ಬದಲಾವಣೆ ಮಾಡಿರದಿದ್ದರೆ ಗಾಡಿ ಓಡಿಸಲು ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ಎಂಒಟಿ ಪರೀಕ್ಷೆ 2018ರಿಂದ ಕಡ್ಡಾಯ ಅಲ್ಲ. ಈ ಕೊನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮರದ ಚೌಕಟ್ಟಿನ ಅರವತ್ತು ವರ್ಷದ ಕಾರಿಗೆ ಪರೀಕ್ಷೆ ಬೇಡ ಅನ್ನುವುದು ಯಾವ ನ್ಯಾಯ? ಕಾನೂನು ಬಿಟ್ಟರೂ ನೀವು ಬಿಡಬೇಡಿ, ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಮಾಡಿಸಿ. ಮಾರುವವರು ಈಚೆಗೆ ಮಾಡಿಸಿದ್ದರೆ ಆ ಕಾಗದ ಕೇಳಿ ಪಡೆಯಿರಿ.

ಮುಂದೊಂದು ದಿನ ಕಾರನ್ನು ಊರಿಗೆ ತರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಕಸ್ಟಮ್ಸ್ ಸುಂಕದಲ್ಲಿ ಇನ್ನೊಂದು ಕಾರು ಬರುತ್ತದೆ. 2021ರ ನಿಯಮದಂತೆ ನಮ್ಮಲ್ಲಿ 50 ವರ್ಷ ದಾಟಿದ ವಿಂಟೇಜ್ ಗಾಡಿಗೆ 20,000 ರೂಪಾಯಿ ಕೊಟ್ಟು 10 ವರ್ಷದ ನೋಂದಣಿ ಮಾಡಿಸಬಹುದು, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಅಷ್ಟಕ್ಕೇ. ಇಲ್ಲಿಗೆ ಬಂದಾಗ ಹಳೇ ಕಾರು ನೋಡುವ ಮನಸ್ಸಾದರೆ ಧರ್ಮಸ್ಥಳದ ಸಂಗ್ರಹಾಲಯ ಇದೆಯಲ್ಲ. ಅಲ್ಲಿ ಗಂಟೆ ಎರಡು ಗಂಟೆ ಸುಮ್ನೆ ಕಳೆಯಬಹುದು.

ಹಾಗಾದರೆ ಟ್ರಾವೆಲರ್ ತೆಗೆದುಕೊಳ್ಳಬೇಕಾ? ನಿಮಗೆ ಗ್ಯಾರೇಜ್ ಅಥವಾ ಮಳೆ ಬೀಳದ ಜಾಗ ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಬೇಡವೇ ಬೇಡ, ಬರ್ಮಿಂಗ್‌ಹ್ಯಾಮ್ ಮಳೆ ಆ ಮರವನ್ನು ಉಳಿಸಲ್ಲ. ಅಂಥ ಜಾಗ ಇಲ್ಲದವರಿಗೆ ಮಾಮೂಲಿ ಎರಡು ಬಾಗಿಲಿನ ಮೈನರ್ ಸಾಕು. ಜಾಗ ಇದ್ದರೆ, ಕೊಡಲು ಇಟ್ಟಿರುವ ದುಡ್ಡಿನಲ್ಲಿ ಮೂರನೇ ಒಂದು ಭಾಗ ರಿಪೇರಿಗೆ ಅಂತ ಬೇರೆ ತೆಗೆದಿಡಿ. 1966ರದ್ದು ಅಂದರೆ 1098 ಸಿಸಿ ಎಂಜಿನ್, 48 ಹಾರ್ಸ್ ಪವರ್. ಅಜ್ಜನ ಕಾರಿಗಿಂತ ಚುರುಕು, ಈಗಿನ ಟ್ರಾಫಿಕ್ ಜೊತೆ ಹೆಜ್ಜೆ ಹಾಕುತ್ತದೆ. ಮೋಟರ್‌ವೇಗೆ ಮಾತ್ರ ಹತ್ತಿಸಬೇಡಿ, ಹಳ್ಳಿ ರಸ್ತೆಯಲ್ಲೇ ಅದರ ಸೊಗಸು. ನೋಡಲು ಹೋಗುವಾಗ ಅಜ್ಜನನ್ನು ಕರೆದುಕೊಂಡು ಹೋಗಿ. ಅರವತ್ತು ವರ್ಷ ಕಾರಿನ ಕೆಳಗೆ ಮಲಗಿದ ಕಣ್ಣಿಗೆ ನನ್ನ ಈ ಉದ್ದದ ಪತ್ರಕ್ಕಿಂತ ಜಾಸ್ತಿ ಕಾಣುತ್ತದೆ. ಕರೆದರೆ ಅವರಿಗೂ ಖುಷಿ, ಬೇಡ ಅನ್ನುವ ಹಳೇ ಕಾರು ಪ್ರೇಮಿಯನ್ನು ನಾನು ಈವರೆಗೆ ಕಂಡಿಲ್ಲ.

ಅಪ್ಪನ ವಿಷಯ. ಪ್ರವಾಸಕ್ಕೆ ಬಂದವರು ತಮ್ಮ ಊರಿನ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಲೈಸೆನ್ಸ್ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿಕೊಳ್ಳಲಿ. ಹಳೇ ಕಾರಿನ ವಿಮೆ ಅಗ್ಗ, ಆದರೆ ಹೆಸರು ಬರೆದವರಿಗೆ ಮಾತ್ರ ಅನ್ವಯಿಸುವುದೇ ಹೆಚ್ಚು. ಅವರ ವಯಸ್ಸು ಹೇಳಿ, ಹೆಸರು ಸೇರಿಸುತ್ತೀರಾ ಅಂತ ವಿಮೆಯವರಿಂದ ಬರಹದಲ್ಲಿ ಪಡೆಯಿರಿ. ಅಲ್ಲೂ ಎಡಗಡೆಯೇ ಓಡಿಸುವುದು, ಅದೊಂದು ತಲೆನೋವಿಲ್ಲ. ಮೈನರ್‌ನ ಪೆಡಲ್‌ಗಳು ಸಣ್ಣವು, ಹತ್ತಿರ ಹತ್ತಿರ ಇರುತ್ತವೆ. ದಪ್ಪ ಸೋಲಿನ ಶೂ ಹಾಕಿದರೆ ಬ್ರೇಕ್ ಜೊತೆ ಕ್ಲಚ್ಚೂ ಸಿಗುತ್ತದೆ, ತೆಳು ಚಪ್ಪಲಿಯಂಥ ಶೂ ಒಂದು ಕೊಡಿಸಿ. ಹಿಂದಿನ ದಿನ ಟ್ರನಿಯನ್‌ಗೆ ಗ್ರೀಸ್ ಹೊಡೆದಿಡಿ. ಫಸ್ಟ್ ಗೇರ್ ಹೇಗೆ ಹಾಕಬೇಕು ಅಂತ ಅವರಿಗೆ ಹೇಳಿಕೊಡಲು ಮಾತ್ರ ಹೋಗಬೇಡಿ. ಅಂಬಾಸಿಡರ್ ಓಡಿಸಿದವರು ಡಬಲ್ ಕ್ಲಚ್ ಕೊಟ್ಟು, ಅಂದರೆ ಒಂದು ಸಲ ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಿ, ಹಾಕುತ್ತಾರೆ, ನೀವು ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ.